ಗಾಡಿಯೊಂದೇ ಕಾಣಬೇಕು

ಮದುವೆ ಫೋಟೊ ತೆಗೆಯುವವರಿಗೆಲ್ಲ ನನ್ನ ನೌಕರಿಯ ಮೇಲೆ ಹೊಟ್ಟೆಕಿಚ್ಚಿತ್ತು. ರೋಡ್ ರೋಲರ್ ಕಣ್ಣು ಮುಚ್ಚುವುದಿಲ್ಲ, ನೀರಿನ ಟ್ಯಾಂಕರ್ ಸೆರಗು ಸರಿಮಾಡಿಕೊಳ್ಳುವುದಿಲ್ಲ, ಕಸದ ಲಾರಿಯ ಅತ್ತೆ ಬಂದು ನಮ್ಮ ಕಡೆಯವರ ಫೋಟೊ ಕಡಿಮೆ ಬಂದಿದೆ ಎಂದು ಜಗಳ ತೆಗೆಯುವುದಿಲ್ಲ. ‘ನಿನ್ನದು ಬಿಡವ್ವಾ, ಆರಾಮದ ಕೆಲಸ’ ಎನ್ನುತ್ತಿದ್ದರು. ನಾನೂ ಹಾಗೆಂದೇ ನಂಬಿ ಸೇರಿದ್ದೆ.

ನಮ್ಮ ಕಾರ್ಖಾನೆ ಧಾರವಾಡದ ಲಕಮನಹಳ್ಳಿಯಲ್ಲಿ. ಊರಿನ ರಸ್ತೆ, ನೀರು, ಗಟಾರದ ಕೆಲಸಕ್ಕೆ ಬೇಕಾಗುವ ಗಾಡಿಗಳನ್ನು ಅಲ್ಲಿ ಕಟ್ಟುತ್ತಿದ್ದರು. ಟ್ಯಾಂಕರು, ಟಿಪ್ಪರು, ಡಾಂಬರು ಕಾಯಿಸುವ ಬಾಯ್ಲರು, ಗಟಾರದ ಹೊಲಸು ಎಳೆಯುವ ಸಕ್ಕಿಂಗ್ ಮಷಿನ್, ಎಲ್ಲವೂ. ಹೊಸ ಗಾಡಿ ಶೆಡ್ಡಿನಿಂದ ಹೊರಬಿದ್ದರೆ ಅದರ ಫೋಟೊ ತೆಗೆದು ಕ್ಯಾಟಲಾಗಿಗೆ ಹಾಕುವುದು ನಮ್ಮ ವಿಭಾಗದ ಕೆಲಸ. ವಿಭಾಗವೆಂದರೆ ಒಂದು ಕತ್ತಲೆ ಕೋಣೆ, ಒಂದು ದೊಡ್ಡ ಕ್ಯಾಮರಾ, ಮುಖ್ಯಸ್ಥರಾದ ವಸಂತರಾಯರು, ಅವರ ಕೈಕೆಳಗೆ ನಾನು. ಆಮೇಲೆ ಅವರ ಕುರ್ಚಿಗೆ ನಾನೇ ಬಂದೆ, ಆ ಬಡ್ತಿಯ ಕಥೆ ನನಗೇ ಬೇಸರ. ಈಗ ಇಂಥದೇ ಕೆಲಸಕ್ಕೆ ಹೊಸ ಹುಡುಗ ಹುಡುಗಿಯರು ಸೇರುತ್ತಿದ್ದಾರೆ, ಬಂದು ಯಾವ ಲೆನ್ಸ್ ಒಳ್ಳೆಯದು ಎಂದು ಕೇಳುತ್ತಾರೆ. ಅದನ್ನು ಅಂಗಡಿಯವನು ಹೇಳುತ್ತಾನೆ. ಅಂಗಡಿಯವನು ಹೇಳದ್ದನ್ನು ನಾನು ಇಲ್ಲಿ ಬರೆಯುತ್ತೇನೆ.

ಸೇರಿದ ಹೊಸದರಲ್ಲೇ ನಾನು ದಂಗಾದೆ. ಅಂಗಳದಲ್ಲಿ ಕಸದ ಟಿಪ್ಪರ್ ನಿಂತಿತ್ತು, ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುವ ಹಳದಿ. ರಾಯರು ರಜೆಯಲ್ಲಿದ್ದರು. ಈ ಬದಿಯಿಂದ ಒಂದು ಫೋಟೊ ತೆಗೆದೆ. ಹೊಸ ಹುರುಪು ನೋಡಿ, ಆ ಬದಿಯದೂ ಒಂದಿರಲಿ ಎಂದು ಸುತ್ತು ಹಾಕಿ ಹೋದರೆ, ಆ ಬದಿಗೆ ಬಣ್ಣವೇ ಇಲ್ಲ. ಬರಿಯ ತಗಡು, ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಯಾರೋ ಬರೆದ ಅಳತೆ. ಬಾಗಿಲಿಗೆ ಹಿಡಿಕೆಯೂ ಇರಲಿಲ್ಲ. ಮೇಲೆಲ್ಲ ತಳುಕು ಒಳಗೆಲ್ಲ ಹುಳುಕು ಎಂದು ಕೇಳಿದ್ದೆ, ಹೀಗೆ ಎಡಕ್ಕೆ ತಳುಕು ಬಲಕ್ಕೆ ಹುಳುಕು ಎಂದು ಕಂಡಿರಲಿಲ್ಲ. ಪೇಂಟಿಂಗಿನ ದ್ಯಾಮಣ್ಣ ಓಡಿ ಬಂದ.

‘ಆ ಕಡೆ ಯಾಕ ಹೋದ್ರಿ ಬಾಯಾರ? ಗಿರಾಕಿಗೆ ಮದ್ಲ ಫೋಟೊ ಹೊಕ್ಕೈತಿ, ಗಾಡಿ ಆಮ್ಯಾಲ. ಫೋಟೊಕ್ಕ ಒಂದ ಮಗ್ಗಲಾ ಸಾಕಲ್ರಿ.’

ನಾನು ಎರಡೂ ಬದಿಯ ಪ್ರಿಂಟು ಹಾಕಿ ಲಕೋಟೆಯಲ್ಲಿ ಕಚೇರಿಗೆ ಕಳಿಸಿದೆ. ಕಚೇರಿಯವರು ತೆರೆದು ನೋಡದೆ ಗಿರಾಕಿಗೆ ಕಳಿಸಿದರು. ಗಿರಾಕಿ ಫೋನು ಮಾಡಿ, ಗಾಡಿ ಅರ್ಧಕ್ಕೆ ಕೊಡುತ್ತೀರೋ ಪೂರಾ ಕೊಡುತ್ತೀರೋ ಎಂದು ಕೇಳಿದನಂತೆ. ಮಾಲಕರು ನನ್ನನ್ನು ಕರೆಸಿದರು. ದನಿ ಏರಿಸುವ ಮನುಷ್ಯ ಅಲ್ಲ ಅವರು. ‘ಫೋಟೊ ತೆಗಿಯೂದು ನಿಮ್ಮ ಕೆಲಸ, ಹುಡಕೂದಲ್ಲ’ ಎಂದಷ್ಟೇ ಹೇಳಿ ಕಳಿಸಿದರು. ಬಾಗಿಲು ದಾಟಿದ ಮೇಲೂ ಆ ಮಾತು ನನಗೆ ಅರಗಲಿಲ್ಲ, ಇವತ್ತಿಗೂ ಅರಗಿಲ್ಲ.

ವಸಂತರಾಯರು ರಜೆ ಮುಗಿಸಿ ಬಂದು ನಕ್ಕರು. ಧಾರವಾಡದ ಹಳೆಯ ಸಂಗೀತದ ಮನೆತನದವರು ಅವರು. ಕತ್ತಲೆ ಕೋಣೆಯಲ್ಲಿ ಪ್ರಿಂಟು ತೊಳೆಯುತ್ತ ಮೆಲ್ಲಗೆ ಆಲಾಪ ಮಾಡುತ್ತಿದ್ದರು, ಚಿತ್ರ ಮೂಡುವ ಹೊತ್ತಿಗೆ ಸರಿಯಾಗಿ ಷಡ್ಜಕ್ಕೆ ಬಂದು ನಿಲ್ಲುತ್ತಿದ್ದರು. ನನಗೆ ಒಂದು ದಿನವೂ ಗದರಿದವರಲ್ಲ. ಅವರು ಕಲಿಸಿದ ಮೊದಲ ಪಾಠವನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

‘ಸುಮಿತ್ರಾ, ನಮ್ಮ ಫೋಟೊದಾಗ ಗಾಡಿ ಒಂದೇ ಕಾಣಬೇಕು. ಮಂದಿ ಕಂಡ್ರ ಗಿರಾಕಿ ಏನ್ ಕೇಳ್ತಾನ? ಈ ಮಷಿನ್ ನಡಿಸ್ಲಿಕ್ಕೆ ಇಷ್ಟು ಮಂದಿ ಬೇಕೇನು ಅಂತಾನ. ಅದಕ್ಕ ಮಂದಿನ್ನ ತಗದುಬಿಡೂದು.’

ಈಗಿನವರಿಗೆ ಆ ವಿದ್ಯೆ ಗೊತ್ತಿರಲಿಕ್ಕಿಲ್ಲ. ನೆಗೆಟಿವ್ ಆಗ ಅಂಗೈ ಅಗಲ ಇರುತ್ತಿತ್ತು. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಲೆ ಅದನ್ನಿಟ್ಟು, ಕೂದಲೆಳೆಯಂಥ ಕುಂಚದಿಂದ ಗಾಡಿಯ ಅಂಚಿನುದ್ದಕ್ಕೂ ಒಂದು ಕೆಂಪು ಲೇಪ ಬಳಿಯಬೇಕು. ಲೇಪ ಬಿದ್ದ ಕಡೆ ಬೆಳಕು ದಾಟುವುದಿಲ್ಲ, ಪ್ರಿಂಟಿನಲ್ಲಿ ಆ ಜಾಗ ಅಚ್ಚ ಬಿಳಿಯಾಗಿ ಬರುತ್ತದೆ. ಗಿಡ, ಎಮ್ಮೆ, ವಿದ್ಯುತ್ ಕಂಬ, ನಿಂತು ನೋಡುವ ಮಂದಿ, ಎಲ್ಲ ಕೆಂಪಿನ ಕೆಳಗೆ ಹೋಗಿ ಗಾಡಿಯೊಂದೇ ಬಿಳಿಯ ನಡುವೆ ನಿಲ್ಲುತ್ತದೆ. ರಾಯರದು ಸಣ್ಣ ಕೈ. ಟ್ಯಾಂಕರಿನ ಏಣಿಯ ಮೆಟ್ಟಿಲುಗಳ ನಡುವೆಯೂ ಕುಂಚ ಆಡಿಸುತ್ತಿದ್ದರು. ಒಂದು ಗಾಡಿಗೆ ಇಡೀ ದಿನ ಹಿಡಿಯುತ್ತಿತ್ತು.

ಅವರ ಇನ್ನೊಂದು ಪದ್ಧತಿ, ಒಂದೇ ಗಾಡಿಗೆ ಎರಡು ಫೋಟೊ. ಮೊದಲನೆಯದು ಇದ್ದದ್ದು ಇದ್ದಂತೆ. ಆಮೇಲೆ ಕ್ಯಾಮರಾದ ಕರಿ ಬಟ್ಟೆಯಿಂದ ತಲೆ ಹೊರಗೆ ಹಾಕಿ, ಕೈ ಬೀಸಿ, ‘ಬಾಜೂ ಸರೀರಿ, ಎಲ್ಲಾರೂ ಬಾಜೂ ಸರೀರಿ’ ಎಂದು ಮಂದಿಯನ್ನು ಸರಿಸಿ ಎರಡನೆಯದು. ಕುಂಚದ ಕೆಲಸ ಕಡಿಮೆಯಾಗಲಿ ಎಂದು ಹೀಗೆ. ಎರಡಕ್ಕೂ ಕೆಂಪು ಬಳಿದು, ಚೆನ್ನಾಗಿದ್ದುದನ್ನು ಕ್ಯಾಟಲಾಗಿಗೆ ಕೊಡುತ್ತಿದ್ದರು. ನಾನೂ ಹಾಗೆಯೇ ಕಲಿತೆ, ಹಾಗೆಯೇ ಮಾಡಿದೆ.

ವರ್ಷದಲ್ಲಿ ಒಂದು ದಿನ ಮಾತ್ರ ಮಂದಿ ಫೋಟೊದಲ್ಲಿ ಬರಬಹುದಾಗಿತ್ತು. ಆಯುಧಪೂಜೆ. ಅವತ್ತು ಗಾಡಿಗೆ ಚೆಂಡುಹೂವಿನ ಮಾಲೆ, ಗಾಲಿಗೆ ನಿಂಬೆಹಣ್ಣು, ಮುಂದೆ ಒಡೆದ ಕುಂಬಳಕಾಯಿ, ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿದ ಕೆಲಸಗಾರ. ರೋಲರ್ ಓಡಿಸಿ ನೋಡುವ ಹುಸೇನಸಾಬ ಒಂದು ಸಲ, ತನಗೆ ಕನ್ಯೆ ನೋಡಿದ್ದಾರೆ, ರೋಲರ್ ಜೊತೆ ಒಂದು ಛಲೋ ಫೋಟೊ ಬೇಕು ಎಂದ. ತೆಗೆದುಕೊಟ್ಟೆ. ಕನ್ಯೆಯ ಕಡೆಯವರು ರೋಲರ್ ವರನ ಸ್ವಂತದ್ದು ಎಂದು ತಿಳಿದು ಒಪ್ಪಿಬಿಟ್ಟರು. ಮದುವೆಯ ದಿನ ಬೀಗರು, ರೋಲರ್ ಎಲ್ಲಿ ನಿಲ್ಲಿಸಿದ್ದೀರಿ ಎಂದು ಹುಡುಕಾಡಿದ್ದನ್ನು ಹುಸೇನಸಾಬ ಹೇಳಿಕೊಂಡು ನಗುತ್ತಿದ್ದ. ಸಂಸಾರ ಚೆನ್ನಾಗಿಯೇ ನಡೆಯಿತು, ಹೆಂಡತಿ ಮಾತ್ರ ಜಗಳ ಬಂದಾಗಲೆಲ್ಲ ‘ರೋಲರ್ ತಗೊಂಬಾ ಹೋಗು’ ಎನ್ನುತ್ತಾಳಂತೆ.

ಇನ್ನು ಯಲ್ಲವ್ವನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದಕ್ಕೇ ನಾನು ಪೆನ್ನು ಹಿಡಿದದ್ದು.

ಯಲ್ಲವ್ವ ನಮ್ಮ ಕಚೇರಿಯ ಕಸ ಗುಡಿಸುತ್ತಿದ್ದಳು. ನಾನು ಸೇರುವ ಮುಂಚಿನಿಂದಲೂ ಇದ್ದಳು. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿ ಕೂಡಿ ಉಣ್ಣುತ್ತಿದ್ದೆವು. ಅವಳ ಗಂಡ ಮಲ್ಲಪ್ಪ, ಮಗ ಇನ್ನೂ ಕೂಸಾಗಿದ್ದಾಗಲೇ ಸತ್ತಿದ್ದ. ಹೇಗೆ ಸತ್ತ ಎನ್ನುವುದಕ್ಕೆ ಎರಡು ಕಥೆಗಳಿದ್ದವು. ಕಚೇರಿಯ ಕಥೆ ಇದು: ಮಲ್ಲಪ್ಪ ನಮ್ಮ ಕೆಲಸಗಾರನೇ ಅಲ್ಲ, ಕುಡಿದು ಹುಬ್ಬಳ್ಳಿಯ ಯಾವುದೋ ಓಣಿಯ ಚೇಂಬರಿನಲ್ಲಿ, ಅಂದರೆ ಗಟಾರದ ಗುಂಡಿಯಲ್ಲಿ, ಬಿದ್ದು ಸತ್ತ. ಹೆಂಡತಿಯ ಮುಖ ನೋಡಿ ಮಾಲಕರು ಕಸ ಗುಡಿಸುವ ಕೆಲಸ ಕೊಟ್ಟರು. ಯಲ್ಲವ್ವನ ಕಥೆ ಒಂದೇ ಸಾಲಿನದು: ‘ಅವ್ರು ಕುಡಿದಿರಲಿಲ್ರಿ. ಕಂಪನಿ ಕೆಲಸದ ಮ್ಯಾಲ ಹ್ವಾದ್ರು. ಸಕ್ಕಿಂಗ್ ಮಷಿನ್ನಿನ ಫೋಟೊ ತಗದ ದಿನಾನ ಹ್ವಾದ್ರು.’

ಆ ಫೋಟೊ ನಮ್ಮ ಕಾರ್ಖಾನೆಯ ಹೆಮ್ಮೆ. ಮೊದಲ ಸಕ್ಕಿಂಗ್ ಮಷಿನ್ನಿನದು. ಬಿಳಿಯ ನಡುವೆ ಮಷಿನ್ ಒಂದೇ, ಕೆಳಗೆ ‘ಇನ್ನು ಮನುಷ್ಯ ಇಳಿಯಬೇಕಿಲ್ಲ’ ಎಂಬ ಬರಹ. ಕ್ಯಾಟಲಾಗಿನ ರಟ್ಟಿನ ಮೇಲೆ ಅದೇ, ಮಾಲಕರ ಕೋಣೆಯ ಗೋಡೆಯ ಮೇಲೂ ಅದೇ. ನಾನು ರಾಯರನ್ನು ಒಮ್ಮೆ ಕೇಳಿದ್ದೆ, ಇದನ್ನು ಎಲ್ಲಿ ತೆಗೆದದ್ದು ಎಂದು. ‘ನಮ್ಮ ಅಂಗಳದಾಗ’ ಎಂದರು. ನಾನು ನಂಬದೆ ಇರಲು ಏನು ಕಾರಣವಿತ್ತು? ಬಿಳಿಯ ಮೇಲೆ ನಿಂತ ಗಾಡಿ ಎಲ್ಲಿಯದಾದರೂ ಆಗಬಹುದು.

ಮಂದಿ ಯಲ್ಲವ್ವನನ್ನು ಕೇಳುತ್ತಿದ್ದರು, ‘ನಿನಗ ಹೆಂಗ ಗೊತ್ತು? ನೀ ಅಲ್ಲಿದ್ದೇನು?’ ಅಷ್ಟಕ್ಕೆ ಯಲ್ಲವ್ವ ಸುಮ್ಮನಾಗಿಬಿಡುತ್ತಿದ್ದಳು. ಬುತ್ತಿಯ ರೊಟ್ಟಿ ಮುರಿಯುತ್ತ ಕೂತುಬಿಡುತ್ತಿದ್ದಳು. ಆ ಮೌನದಿಂದಲೇ ಅವಳ ಮಾತು ಸುಳ್ಳೆಂದು ಎಲ್ಲರೂ ತೀರ್ಮಾನಿಸಿದರು. ಅವಳ ಮಗ ಬಸವರಾಜ ಕೂಡ. ಸಾಲಿಯಲ್ಲಿ ಹುಡುಗರು ಕುಡುಕನ ಮಗ ಎಂದು ಕಾಡಿದ್ದರಂತೆ. ಅವನು ಛಲದಿಂದ ಓದಿ ಧಾರವಾಡದಲ್ಲೇ ಹೈಸ್ಕೂಲು ಮಾಸ್ತರನಾದ. ಆದರೆ ಹಿರಿಯರ ಪೂಜೆಯ ದಿನ ಅಪ್ಪನ ಹೆಸರಿನಲ್ಲಿ ಎಡೆ ಹಿಡಿಯಲು ಬಿಡುತ್ತಿರಲಿಲ್ಲ. ‘ಕುಡುದು ಬಿದ್ದಾವಗ ಎಡಿ ಯಾಕ’ ಎನ್ನುತ್ತಾನೆಂದು ಯಲ್ಲವ್ವ ನನ್ನೆದುರು ಹೇಳಿಕೊಂಡು ಅತ್ತಿದ್ದಳು. ಅವಳಿಗೆ ಬೇಕಾದದ್ದು ಅದೊಂದೇ. ಮಗ ಅಪ್ಪನನ್ನು ಕುಡುಕ ಎನ್ನಬಾರದು.

ಕಾಲ ಬದಲಾಯಿತು. ಕತ್ತಲೆ ಕೋಣೆಯ ಗೋಡೆ ಒಡೆದು ಕಿಟಕಿ ಇಟ್ಟು ಕಂಪ್ಯೂಟರ್ ತಂದಿಟ್ಟರು. ಕೆಂಪು ಲೇಪದ ಬಾಟಲಿಗಳು ಒಣಗಿ ಹೋದವು. ವಸಂತರಾಯರು ತೀರಿಕೊಂಡರು, ಹಳೆಯ ಮಾಲಕರೂ ತೀರಿಕೊಂಡರು. ನಾನು ನಿವೃತ್ತಳಾದೆ, ಯಲ್ಲವ್ವನೂ ಕೆಲಸ ಬಿಟ್ಟಳು. ಈಚೆಗೆ ಹಳೆಯ ಮಾಲಕರ ಮೊಮ್ಮಗ ಫೋನು ಮಾಡಿದರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೊಸ ಶೋರೂಮ್ ತೆರೆಯುತ್ತಿದ್ದೇವೆ, ಒಂದು ಗೋಡೆಯ ತುಂಬ ಹಳೆಯ ಗಾಡಿಗಳ ಫೋಟೊ ಹಾಕಬೇಕು, ನೆಗೆಟಿವ್‌ಗಳ ಪೆಟ್ಟಿಗೆ ನಿಮ್ಮ ಮನೆಗೆ ಕಳಿಸುತ್ತೇವೆ, ಆರಿಸಿಕೊಡಿ ಎಂದರು. ಮನೆಯಲ್ಲಿ ಕೂತು ಬೇಸರವಾಗಿತ್ತು. ಒಪ್ಪಿಕೊಂಡೆ.

ಪೆಟ್ಟಿಗೆ ಬಂತು. ಸಕ್ಕಿಂಗ್ ಮಷಿನ್ನಿನ ಲಕೋಟೆಯಲ್ಲಿ ರಾಯರ ಪದ್ಧತಿಯಂತೆ ಎರಡು ನೆಗೆಟಿವ್ ಇದ್ದವು. ಮೊದಲನೆಯದನ್ನು ತೆಗೆದೆ. ಕೆಂಪು ಲೇಪ ಒಣಗಿ, ಬಿರುಕು ಬಿಟ್ಟು, ಚಕ್ಕೆ ಏಳುತ್ತಿತ್ತು. ಹಾಗೇ ಪ್ರಿಂಟು ಹಾಕಿದರೆ ಬಿಳಿಯ ತುಂಬ ಜೇಡರ ಬಲೆ ಬರುತ್ತದೆ. ಆ ಲೇಪ ನೀರಿಗೆ ಕರಗುವಂಥದು. ಹಳೆಯದನ್ನು ತೊಳೆದು, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು ಎಂದುಕೊಂಡು ಟ್ರೇಯಲ್ಲಿ ನೀರು ಹಾಕಿ ನೆಗೆಟಿವ್ ಬಿಟ್ಟೆ. ಕೆಂಪು ಮೆಲ್ಲಗೆ ಬಿಟ್ಟುಕೊಂಡಿತು, ಕುಂಕುಮದ ನೀರಿನ ಹಾಗೆ. ಎತ್ತಿ ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ.

ಅದು ನಮ್ಮ ಅಂಗಳವಾಗಿರಲಿಲ್ಲ. ಓಣಿ. ಎರಡೂ ಕಡೆ ಮನೆಗಳು, ಕಟ್ಟೆಯ ಮೇಲೆ ಕೊಡ. ಕಂಪ್ಯೂಟರಿಗೆ ಏರಿಸಿ ದೊಡ್ಡದು ಮಾಡಿ ನೋಡಿದೆ. ಮಷಿನ್ನಿನ ಎಡಕ್ಕೆ ಬೇರೆ ಊರಿಂದ ಬಂದ ಗಿರಾಕಿಗಳಂಥ ನಾಲ್ಕಾರು ಮಂದಿ. ಅವರ ಪಕ್ಕದಲ್ಲಿ ಮೂಗಿಗೆ ಕರವಸ್ತ್ರ ಹಿಡಿದ ನಮ್ಮ ಹಳೆಯ ಮಾಲಕರು. ಬಲಕ್ಕೆ ತೆರೆದ ಚೇಂಬರು. ಅದರೊಳಗೆ ಎದೆಮಟ ಇಳಿದು, ಮಷಿನ್ನಿನ ಪೈಪನ್ನು ಹೆಗಲಿಗೇರಿಸಿಕೊಂಡ ಒಬ್ಬ ಗಂಡಸು. ಅವನ ರಟ್ಟೆಗೆ ಕಟ್ಟಿದ ಹಗ್ಗ ನೆಟ್ಟಗೆ ಮೇಲೆ ಬಂದು ಒಬ್ಬ ಹೆಂಗಸಿನ ಕೈಯಲ್ಲಿತ್ತು. ಹರೆಯದ ಹುಡುಗಿ, ಕಚ್ಚೆ ಕಟ್ಟಿದ ಸೀರೆ, ಎರಡೂ ಕೈಗಳಲ್ಲಿ ಬಿಗಿಯಾಗಿ ಹಗ್ಗ. ಆ ಮೂಗು, ಆ ಹಣೆ ನನಗೆ ಗೊತ್ತಿದ್ದವು. ಎಷ್ಟು ವರ್ಷ ಎದುರು ಕೂತು ಉಂಡಿದ್ದೇನೆ. ಅದು ಯಲ್ಲವ್ವ.

‘ಇನ್ನು ಮನುಷ್ಯ ಇಳಿಯಬೇಕಿಲ್ಲ’ ಎಂದು ಸಾರಿದ ಮಷಿನ್ನಿನ ಪಕ್ಕದಲ್ಲೇ ಮನುಷ್ಯ ಇಳಿದಿದ್ದ. ಆ ಮನುಷ್ಯನನ್ನು ಕೆಂಪಿನಲ್ಲಿ ಮುಚ್ಚಿದ್ದು, ಆಲಾಪ ಮಾಡುತ್ತ ನನಗೆ ಕುಂಚ ಹಿಡಿಯಲು ಕಲಿಸಿದ ಕೈ. ಕೇಳಿದರೆ ‘ನಮ್ಮ ಅಂಗಳದಾಗ’ ಎಂದ ಬಾಯಿ. ನಾನು ರಾಯರನ್ನು ಗುರು ಎಂದು ನಂಬಿದ್ದೆ.

ಮರುದಿನ ಪ್ರಿಂಟು ಹಾಕಿಸಿಕೊಂಡು ಶೋರೂಮಿಗೆ ಹೋದೆ. ಚಿಕ್ಕ ಮಾಲಕರು ಒಳ್ಳೆಯ ಹುಡುಗ, ಎದ್ದು ನಿಂತು ಕೈಮುಗಿದು, ಚಹಾ ತರಿಸಿದರು. ಫೋಟೊ ನೋಡಿ ಅವರ ಮುಖ ಅರಳಿತು.

‘ಭಾರಿ ಬಂದದ ಮೇಡಂ. ಹಳೇ ಓಣಿ ಎಷ್ಟು ಚಂದ ಕಾಣ್ತದ ನೋಡ್ರಿ. ಈ ಮಂದಿನ್ನ ಒಂದಿಷ್ಟು ತಗದ್ರ ಗಾಡಿ ಎದ್ದು ಕಾಣ್ತದ.’

ಹೀಗೆನ್ನುತ್ತ ತಮ್ಮ ಫೋನಿನಲ್ಲಿ ಅದರ ಫೋಟೊ ಹೊಡೆದುಕೊಂಡು, ತೆರೆಯ ಮೇಲೆ ಬೆರಳು ಉಜ್ಜಿದರು. ಗುಂಡಿಯಲ್ಲಿದ್ದ ಮಲ್ಲಪ್ಪ ಹೋದ. ಇನ್ನೊಮ್ಮೆ ಉಜ್ಜಿದರು, ಯಲ್ಲವ್ವ ಹೋದಳು. ಹಗ್ಗವೊಂದು ಯಾರ ಕೈಯಲ್ಲೂ ಇಲ್ಲದೆ ಗಾಳಿಯಲ್ಲಿ ಉಳಿಯಿತು. ‘ಇದೊಂದು ಉಳೀತು’ ಎಂದು ಅದನ್ನೂ ಉಜ್ಜಿದರು. ರಾಯರಿಗೆ ದಿನವಿಡೀ ಹಿಡಿಯುತ್ತಿದ್ದ ಕೆಲಸ ಚಹಾ ಆರುವುದರೊಳಗೆ ಮುಗಿದಿತ್ತು. ಹೊಸ ವಿದ್ಯೆ ಬಂದು ಹಳೆಯ ಪದ್ಧತಿ ಹೋಯಿತು ಎಂದುಕೊಂಡಿದ್ದೆನಲ್ಲ, ಏನೂ ಹೋಗಿರಲಿಲ್ಲ.

‘ಅವರು ಯಾರು ಅಂತ ಗೊತ್ತದ ಏನ್ರಿ?’ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಹೇಳಿದೆ. ಅವರ ಮುಖ ಬಿಳಿಚಿತು. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ‘ನಾ ಹುಟ್ಟೂಕ್ಕಿಂತ ಮದ್ಲಿಂದು ಮೇಡಂ ಇದು. ಅಜ್ಜನ ಫೋಟೊ ಗ್ವಾಡಿ ಮ್ಯಾಲ ಬರೂದದ. ಇದನ್ನ ಹಾಕೂದು ಬ್ಯಾಡ್ರಿ’ ಎಂದರು. ಹಾಗಾದರೆ ಉಳಿದವನ್ನೂ ಬೇರೆಯವರ ಕೈಯಲ್ಲಿ ಮಾಡಿಸಿಕೊಳ್ಳಿ ಎಂದು ಹೇಳಿ ಎದ್ದುಬಂದೆ.

ಅಲ್ಲಿಂದ ನೆಟ್ಟಗೆ ಯಲ್ಲವ್ವನ ಮನೆಗೆ ಹೋದೆ. ಲಕಮನಹಳ್ಳಿಯಲ್ಲೇ ಮಗ ಕಟ್ಟಿಸಿದ ಮನೆ. ಮಗ ಸಾಲಿಗೆ ಹೋಗಿದ್ದ. ಇನ್ನು ನಿನ್ನ ಮಾತು ಸುಳ್ಳೆನ್ನುವವರಿಲ್ಲ ಎಂದು ಹೇಳುವ ಉಮೇದು ನನಗೆ. ಫೋಟೊ ಅವಳ ಮುಂದಿಟ್ಟೆ. ಯಲ್ಲವ್ವ ನೋಡಿದಳು. ಗಂಡನ ಮುಖದ ಮೇಲೆ ಬೆರಳಿಟ್ಟಳು. ಆಮೇಲೆ ಹಗ್ಗ ಹಿಡಿದ ಹುಡುಗಿಯನ್ನು ನೋಡಿ, ಫೋಟೊವನ್ನು ತಟ್ಟನೆ ಕೌದಿಯ ಕೆಳಗೆ ಸರಿಸಿಬಿಟ್ಟಳು. ಅವಳ ಮುಖದಲ್ಲಿ ನಾನು ಕಂಡದ್ದು ಸಂತೋಷವಲ್ಲ, ಹೆದರಿಕೆ.

‘ಇದನ್ನ ಯಾರ್ಯಾರ ನೋಡ್ಯಾರ್ರಿ ಅಕ್ಕಾರ? ಬಸ್ಯಾ ನೋಡ್ಯಾನೇನ್ರಿ?’

‘ಯಾರೂ ನೋಡಿಲ್ಲ. ಯಾಕ, ಏನಾತು?’

ಯಲ್ಲವ್ವ ಬಾಗಿಲು ಮುಂದೆ ಮಾಡಿ ಬಂದು ಕೂತಳು. ಆಮೇಲೆ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತು ಅದಕ್ಕೆ ಸಾಲದು.

‘ಪೈಪಿನ್ಯಾಗ ಅರಿಬಿ ಸಿಕ್ಕೊಂಡು ಮಷಿನ್ ಎಳೀವಲ್ದಾಗಿತ್ರಿ. ಗಿರಾಕಿ ಮುಂದ ಮರ್ಯಾದಿ ಹೊಕ್ಕೈತಿ, ಲಗೂ ಇಳಿ ಅಂದ್ರು ಮಾಲಕ್ರು. ಅವ್ರು ಇಳಿದ್ರು. ಕೆಳಗ ಗ್ಯಾಸಿನ ತ್ರಾಸ ಆತಂದ್ರ ಹಗ್ಗ ಜಗ್ಗತೇನಿ, ನೀ ಮ್ಯಾಲ ಎಳಿ ಅಂದಿದ್ರು ನನಗ. ನಾವು ದಿನಾ ಹಂಗ ಮಾಡಾವ್ರು. ಒಂದು ಫೋಟೊ ಹೊಡದ್ರು. ಅವ್ರು ಪೂರಾ ಒಳಗ ಹ್ವಾದ್ರು. ಆಮ್ಯಾಲ ಫೋಟೊದ ರಾಯರು ಕೈ ಬೀಸಿದ್ರು. ಬಾಜೂ ಸರೀರಿ, ಬಾಜೂ ಸರೀರಿ ಅಂದ್ರು. ಎಲ್ಲಾರೂ ಸರದ್ರು. ನಾ ಹಗ್ಗ ಹಿಡಕೊಂಡು ಎಲ್ಲಿ ಸರೀಲ್ರಿ ಅಂದೆ. ಹಗ್ಗ ಕೆಳಗಿಟ್ಟು ಸರಿ, ಒಂದ ಗಳಿಗಿ ಅಂದ್ರು. ಇಟ್ಟು ಸರದೆ. ಮಷಿನ್ ಸಪ್ಪಳದಾಗ ಏನೂ ಕೇಳ್ತಿರಲಿಲ್ಲ. ಫೋಟೊ ಆದಮ್ಯಾಲ ಬಂದು ಹಗ್ಗ ಹಿಡಿದೆ. ಮನಿಷ್ಯಾ ಕಲ್ಲಿನಂಗ ಭಾರ ಬಂದಿದ್ದ.’

ಹೆಣವನ್ನು ಆ ಓಣಿಯಿಂದ ಬೇರೆ ಓಣಿಗೆ ಒಯ್ದರಂತೆ. ಮಾಲಕರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: ಹಗ್ಗ ಇದ್ದದ್ದು ನಿನ್ನ ಕೈಯಲ್ಲಿ, ಬಿಟ್ಟವಳು ನೀನು, ಬಾಯಿ ಬಿಟ್ಟರೆ ಗಂಡನನ್ನು ಕೊಂದವಳೆಂದು ಪೊಲೀಸರು ಒಯ್ಯುತ್ತಾರೆ, ಕೂಸಿನ ಗತಿ ಏನಾಗುತ್ತದೆ ನೋಡಿಕೋ.

‘ಅವ್ರು ಅಂದದ್ದು ಖರೇನ ಐತಲ್ರಿ ಅಕ್ಕಾರ’ ಎಂದಳು ಯಲ್ಲವ್ವ. ‘ಬಿಟ್ಟಾಕಿ ನಾನ ಅಲ್ಲೇನ್ರಿ? ಫೋಟೊದಾಗ ನನ್ನ ಕೈಯಾಗ ಐತಿ. ನಿಮ್ಮ ಕಾಲಿಗೆ ಬೀಳ್ತೇನಿ, ಇದನ್ನ ನನ್ನ ಮಗಗ ತೋರಿಸಬ್ಯಾಡ್ರಿ.’

ಮನೆಗೆ ಬಂದೆ. ಯಾರಿಗೂ ಸಿಟ್ಟಿರಲಿಲ್ಲ, ದ್ವೇಷವಿರಲಿಲ್ಲ. ಚಿತ್ರ ಸ್ವಚ್ಛ ಬರಲಿ ಎಂದು ‘ಬಾಜೂ ಸರೀರಿ’ ಎಂದರು, ಒಬ್ಬ ಸತ್ತ. ಲಕೋಟೆಯಲ್ಲಿ ಎರಡನೆಯ ನೆಗೆಟಿವ್ ಇನ್ನೂ ಕೆಂಪಾಗಿ ಕೂತಿತ್ತು. ಕ್ಯಾಟಲಾಗಿನ ರಟ್ಟಿನ ಮೇಲೆ ಬಂದದ್ದು ಅದೇ. ತೊಳೆಯಲು ನನಗೆ ಧೈರ್ಯ ಸಾಲದೆ ಒಂದೆರಡು ದಿನ ದೂಡಿದೆ. ಕಡೆಗೆ ತೊಳೆದೆ.

ಅದರಲ್ಲಿ ಮಂದಿ ಇರಲಿಲ್ಲ. ಮಷಿನ್, ತೆರೆದ ಚೇಂಬರು, ಹಾಸುಗಲ್ಲಿನ ಮೇಲೆ ಸತ್ತ ಹಾವಿನಂತೆ ಬಿದ್ದು ಗುಂಡಿಯೊಳಗೆ ಇಳಿದ ಹಗ್ಗ. ಅಂಚಿನಲ್ಲಿ ಒಂದು ಹೆಣ್ಣಿನ ಪಾದ, ಪೂರ್ತಿ ಸರಿಯದೆ ಗುಂಡಿಯ ಕಡೆಗೇ ತಿರುಗಿ ನಿಂತದ್ದು. ಮುಂದೆ ನೆಲದ ತುಂಬ ಒಂದು ನೆರಳು. ಬಿಸಿಲು ಕ್ಯಾಮರಾದ ಬೆನ್ನಿಗಿತ್ತು. ಮೂರು ಕಾಲಿನ ಕ್ಯಾಮರಾದ ನೆರಳು, ಅದರ ಪಕ್ಕ ಮನುಷ್ಯನ ನೆರಳು, ಅವನ ಒಂದು ಕೈ ಉದ್ದಕ್ಕೆ ಚಾಚಿ ಆ ಪಾದದ ಕಡೆಗೆ ‘ಸರಿ, ಸರಿ’ ಎಂದು ಬೀಸುತ್ತಿತ್ತು. ಬೀಸುತ್ತಿರುವಾಗಲೇ ಫೋಟೊ ಬಿದ್ದಿತ್ತು. ರಾಯರು ಆಮೇಲೆ ಕೂತು ಆ ಪಾದ ಅಳಿಸಿದರು, ಹಗ್ಗ ಅಳಿಸಿದರು, ತಮ್ಮ ಕೈಯನ್ನೂ ಅಳಿಸಿದರು. ಆಗ ಅವರು ಆಲಾಪ ಮಾಡುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಯೋಚನೆಯೇ ಬೇಡವೆಂದು ದೀಪ ಆರಿಸಿದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದವರೇ, ನಿಮಗೆ ಹೇಳಬೇಕೆಂದಿದ್ದದ್ದು ಇಷ್ಟೇ. ಯಾರಿಗಾದರೂ ಸ್ವಲ್ಪ ಸರಿಯಿರಿ ಎನ್ನುವ ಮುಂಚೆ ಅವರ ಕೈಯಲ್ಲಿ ಏನಿದೆ ಎಂದು ನೋಡಿ. ಉಳಿದ ವಿದ್ಯೆ ತಾನಾಗಿ ಬರುತ್ತದೆ.

ರವಿವಾರ ಎರಡನೆಯ ಫೋಟೊ ತೆಗೆದುಕೊಂಡು ಮತ್ತೆ ಯಲ್ಲವ್ವನ ಮನೆಗೆ ಹೋದೆ. ಬಸವರಾಜ ಮನೆಯಲ್ಲಿದ್ದ, ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ. ನನ್ನನ್ನು ಕಂಡು ಯಲ್ಲವ್ವನ ಮುಖ ಇಳಿಯಿತು. ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ‘ಇದನ್ನ ನೀ ಒಬ್ಬಾಕಿನ ಮದ್ಲ ನೋಡು. ಬ್ಯಾಡಂದ್ರ ಇಲ್ಲೇ ಒಲಿಗೆ ಹಾಕು’ ಎಂದು ಕೊಟ್ಟೆ.

ಯಲ್ಲವ್ವ ಬೆಳಕಿಗೆ ಹಿಡಿದು ನೋಡಿದಳು. ಹಗ್ಗ ನೋಡಿದಳು. ತನ್ನ ಪಾದ ಗುರುತು ಹಿಡಿದಳು. ನೆರಳಿನ ಕೈಯನ್ನು ಬಹಳ ಹೊತ್ತು ನೋಡಿದಳು.

‘ಇದು ರಾಯರ ಕೈ ಐತ್ರಿ’ ಎಂದಳು.

‘ಹೌದು.’

‘ಅಂದ್ರ ನಾ ಬಿಟ್ಟಿಲ್ರಿ. ಬಿಡ್ಸ್ಯಾರ.’

‘ನೀ ಬಿಟ್ಟಿಲ್ಲ’ ಎಂದೆ.

ಯಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಹೋಗಿ ಕೌದಿಯ ಕೆಳಗಿದ್ದ ಮೊದಲನೆಯ ಫೋಟೊವನ್ನೂ ತಂದಳು. ಎರಡನ್ನೂ ಮಗನ ಉತ್ತರಪತ್ರಿಕೆಗಳ ಮೇಲೆ ಇಟ್ಟಳು. ನಿಂತೇ ಹೇಳಿದಳು. ಗುಂಡಿಯಲ್ಲಿದ್ದವನು ನಿಮ್ಮಪ್ಪ, ಹಗ್ಗ ಹಿಡಿದವಳು ನಾನು, ಕುಡಿದಿರಲಿಲ್ಲ, ಕೆಲಸದ ಮೇಲಿದ್ದ. ಹಗ್ಗ ಕೆಳಗಿಟ್ಟದ್ದನ್ನೂ ಬಿಡದೆ ಹೇಳಿದಳು. ಬಸವರಾಜನ ಕೈಯಿಂದ ಕೆಂಪು ಪೆನ್ನು ಜಾರಿ ಉರುಳಿತು. ಅಪ್ಪನ ಮುಖವನ್ನು ಅವನು ಕಾಣುತ್ತಿದ್ದದ್ದು ಅದೇ ಮೊದಲು.

ಅವನು ಅವ್ವನನ್ನು ಕೇಳಿದ, ‘ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲ ಅವ್ವಾ?’

‘ಹೇಳಿದ್ರ, ನನ್ನ ಕೈಲೆ ಉಣ್ತಿದ್ದೇನಪಾ ನೀ?’

ಬಸವರಾಜ ಫೋಟೊ ಎರಡನ್ನೂ ಜೋಪಾನವಾಗಿ ಎತ್ತಿ ದೇವರ ಮಾಡದಲ್ಲಿಟ್ಟ. ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದ. ಅಡುಗೆಮನೆಯಲ್ಲಿ ತಾಟು ತೆಗೆದುಕೊಂಡು ಅವಳೆದುರು ನೆಲದ ಮೇಲೆ ಕೂತ.

‘ಹಸಿವಿ ಆಗೇತಿ, ನೀಡವ್ವಾ’ ಎಂದ. ‘ಮದ್ಲ ಅಪ್ಪಂದು ಒಂದು ಎಡಿ ತಗಿ.’